ಹರಾಜಿನಲ್ಲಿ ಕಾರು ಮಾರಿ ಕೀ ಕೊಟ್ಟರೆ ಹೊಣೆ ಮುಗಿಯುತ್ತದೆಯೇ?

"ಆನ್‌ಲೈನ್ ಹರಾಜಿನಲ್ಲಿ ಕಾರು ಹೋಯಿತು, ಹಣ ಬಂತು, ಇನ್ನೇನಿದ್ದರೂ ಕೊಂಡವರ ತಲೆನೋವು" ಎಂದು ಹಲವರು ನಂಬಿದ್ದಾರೆ. ಇದು ತಪ್ಪು.

ದರ್ಬೆಯ ನಿಮ್ಮ ಮನೆಯೆದುರಿನ ಕೆಎ-21 ಕಾರನ್ನು ಬೆಂಗಳೂರಿನವರೊಬ್ಬರು ಬಿಡ್ ಮಾಡಿ ಒಯ್ದರು ಎಂದುಕೊಳ್ಳಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದಿದ್ದ ಪ್ರಕರಣವೊಂದರಲ್ಲಿ ಕಾರು 2007ರಲ್ಲೇ ಮಾರಾಟವಾಗಿ ಹಲವರ ಕೈ ದಾಟಿತ್ತು. ಆದರೂ 2009ರ ಅಪಘಾತದ ಪರಿಹಾರದ ಹೊಣೆ ಬಿದ್ದದ್ದು ಆರ್‌ಸಿಯಲ್ಲಿ ಹೆಸರಿದ್ದ ಮೊದಲ ಮಾಲೀಕರ ಮೇಲೆ!

ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರುವವರ ಅರ್ಜಿ ಫಾರ್ಮ್ 29. ನೂರು ರೂಪಾಯಿ ಛಾಪಾ ಕಾಗದದ ಕರಾರು ಇದಕ್ಕೆ ಬದಲಿಯಲ್ಲ. ಆರ್‌ಟಿಒ ಅಧಿಕೃತಗೊಳಿಸಿದ ಡೀಲರ್‌ಗೆ ಕೊಡುವುದಾದರೆ ಫಾರ್ಮ್ 29ಸಿ ಸಲ್ಲಿಸಿ. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಆಗ ಹೊಣೆ ಡೀಲರ್‌ಗೆ ಹೋಗುತ್ತದೆ.

ಕೊಳ್ಳುವವರಿಗೂ ಒಂದು ಮಾತು. "ಇದ್ದ ಸ್ಥಿತಿಯಲ್ಲೇ ಮಾರಾಟ" ಎಂಬ ಷರತ್ತಿದ್ದರೆ ಸವೆದ ಟೈರ್‌ಗೆ ಜಗಳವಾಡಿ ಲಾಭವಿಲ್ಲ. ಆದರೆ ಆ ಷರತ್ತು ಮೋಸಕ್ಕೆ ಪರವಾನಗಿಯಲ್ಲ. ಬಿಡ್ ಹಾಕುವ ಮೊದಲೇ ಪರಿವಾಹನ್ ತಾಣದಲ್ಲಿ ಸಾಲದ ನಮೂದು ನೋಡಿ. ವೇದಿಕೆಯವರು ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.