ಫೋಟೋದ ಹಿನ್ನೆಲೆ ತೆಗೆಯೋದು ಹೆಂಗ? ಯಾವ ಸೆಲೆಕ್ಷನ್ ಟೂಲ್ ಯಾವಾಗ ಬಳಸಬೇಕು?

ಯಾದಗಿರಿ: ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಲು ಬರುವವರ ಕೈಯಾಗ ಬಹಳ ಸಲ ಇರೋದು ಒಂದೇ ಹಳೆ ಫೋಟೋ. ಬಿಳಿ ರುಮಾಲು ಸುತ್ತಿದ ಅಜ್ಜ, ಹಿಂದೆ ಸುಣ್ಣದ ಬಿಳಿ ಗೋಡೆ. ಅವಸರದಲ್ಲಿ ಹಿನ್ನೆಲೆ ತೆಗೆದರೆ ಗೋಡೆ ಜೊತೆ ಅರ್ಧ ರುಮಾಲೂ ಹೋಗ್ತದ. ಹಂಗಾಗಬಾರದು ಅಂದ್ರ ಫೋಟೋಕ್ಕೆ ತಕ್ಕ ಟೂಲ್ ಆರಿಸಬೇಕು. ಫೋಟೋಶಾಪ್‌ನಲ್ಲೂ, ಉಚಿತವಾಗಿ ಸಿಗುವ ಗಿಂಪ್‌ನಲ್ಲೂ ಮುಖ್ಯ ಟೂಲ್‌ಗಳು ಹೆಚ್ಚುಕಡಿಮೆ ಒಂದೇ ರೀತಿ ಇವೆ.

ಮ್ಯಾಜಿಕ್ ವಾಂಡ್: ಕ್ಲಿಕ್ ಮಾಡಿದ ಜಾಗಕ್ಕೆ ಹೊಂದುವ ಬಣ್ಣವನ್ನು ಹಿಡಿಯುತ್ತದೆ. ಗಿಂಪ್‌ನಲ್ಲಿ ಇದರ ಹೆಸರು ಫಝಿ ಸೆಲೆಕ್ಟ್. ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಹಿಂದೆ ಮೋಡವಿಲ್ಲದ ನೀಲಿ ಆಕಾಶ ಇದ್ದರೆ ಒಂದೆರಡು ಕ್ಲಿಕ್ ಸಾಕು. ಫೋಟೋಶಾಪ್‌ನಲ್ಲಿ ಟಾಲರೆನ್ಸ್ ಮೊದಲಿಗೆ 32 ಇರುತ್ತದೆ. ಬೆಟ್ಟವೂ ಸೇರಿಕೊಂಡರೆ ಇಳಿಸ್ರಿ, ಆಕಾಶ ಬಿಟ್ಟುಹೋದರೆ ಏರಿಸ್ರಿ. ಅಜ್ಜನ ಫೋಟೋಕ್ಕೆ ಮಾತ್ರ ಇದು ಬೇಡ. ಇದರ ಕಣ್ಣಿಗೆ ರುಮಾಲೂ ಬಿಳಿ, ಗೋಡೆಯೂ ಬಿಳಿ.

ಪಾಲಿಗೋನಲ್ ಲ್ಯಾಸೋ: ನೇರ ಅಂಚಿಗೆ. ಸುರಪುರದ ಟೇಲರ್ ಮಂಜಿಲ್‌ನಂಥ ಕಟ್ಟಡ, ಬಾಗಿಲು, ಬೋರ್ಡು ಇದ್ದರೆ ಮೂಲೆಯಿಂದ ಮೂಲೆಗೆ ಕ್ಲಿಕ್ ಮಾಡುತ್ತ ಹೋಗಿ.

ಪೆನ್ ಟೂಲ್: ಬಣ್ಣ ನೋಡುವುದಿಲ್ಲ, ನೀವು ಹಾಕಿದ ಗೆರೆಯನ್ನೇ ನಂಬುತ್ತದೆ. ರುಮಾಲು, ಭುಜ, ಸೀರೆ ಸೆರಗಿಗೆ ಇದೇ ಸರಿ. ಫೋಟೋವನ್ನು 200 ಪರ್ಸೆಂಟ್ ಜೂಮ್ ಮಾಡಿ, ತಿರುವು ಇದ್ದಲ್ಲಿ ಮಾತ್ರ ಪಾಯಿಂಟ್ ಇಟ್ಟು, ಕೊನೆಗೆ ಪಾತ್ ಅನ್ನು ಸೆಲೆಕ್ಷನ್ ಮಾಡಿಕೊಳ್ಳಿ. ಹೊತ್ತು ಹಿಡಿತದ, ಆದ್ರ ರುಮಾಲು ಉಳಿತದ.

ಕೂದಲಿಗೆ: ಫೋಟೋಶಾಪ್‌ನ ಕ್ವಿಕ್ ಸೆಲೆಕ್ಷನ್‌ನಿಂದ ತಲೆ ಹಿಡಿದು, ಸೆಲೆಕ್ಟ್ ಆ್ಯಂಡ್ ಮಾಸ್ಕ್‌ನಲ್ಲಿ ಅಂಚಿನ ಮೇಲೆ ರಿಫೈನ್ ಬ್ರಷ್ ಆಡಿಸಿ.

ಸೆಲೆಕ್ಷನ್‌ಗೆ ಇನ್ನಷ್ಟು ಭಾಗ ಸೇರಿಸಲು ಶಿಫ್ಟ್ ಒತ್ತಿ ಹಿಡಿಯಿರಿ. ತೆಗೆಯಲು ಫೋಟೋಶಾಪ್‌ನಲ್ಲಿ ಆಲ್ಟ್, ಗಿಂಪ್‌ನಲ್ಲಿ ಕಂಟ್ರೋಲ್. ಅಂಚು ಕತ್ತರಿಯಿಂದ ಕತ್ತರಿಸಿದಂತೆ ಕಾಣಬಾರದು ಎಂದರೆ ಫೆದರ್ 1 ಅಥವಾ 2 ಪಿಕ್ಸೆಲ್ ಇಡಿ.

ಡಿಲೀಟ್ ಬೇಡ, ಮಾಸ್ಕ್ ಹಾಕಿ

ಸೆಲೆಕ್ಷನ್ ಆದ ಕೂಡಲೇ ಡಿಲೀಟ್ ಒತ್ತಬೇಡ್ರಿ. ಲೇಯರ್ ಮಾಸ್ಕ್ ಹಾಕಿದರೆ ಹಿನ್ನೆಲೆ ಮರೆಯಾಗುತ್ತದೆ, ಅಳಿಯುವುದಿಲ್ಲ. ರುಮಾಲಿನ ತುದಿ ಹೋಗಿದ್ದರೆ ಮಾಸ್ಕ್ ಮೇಲೆ ಬಿಳಿ ಬ್ರಷ್ ಆಡಿಸಿದರೆ ವಾಪಸ್ ಬರುತ್ತದೆ. ಕಪ್ಪು ಬ್ರಷ್ ಮರೆಮಾಡುತ್ತದೆ. ಕೆಲಸದ ಫೈಲನ್ನು ಪಿಎಸ್‌ಡಿ ಅಥವಾ ಎಕ್ಸ್‌ಸಿಎಫ್ ಆಗಿ ಉಳಿಸಿ, ಜೆಪಿಇಜಿಯಲ್ಲಿ ಲೇಯರ್ ಉಳಿಯುವುದಿಲ್ಲ. ಸ್ಕ್ಯಾನ್ ಮಾಡಿದ ಮೂಲ ಫೈಲ್ ಮೇಲೆ ಸೇವ್ ಮಾಡಲೇಬೇಡಿ. ಆ ಮನೆಯವರ ಹತ್ತಿರ ಇನ್ನೊಂದು ಫೋಟೋ ಇರ್ಲಿಕ್ಕಿಲ್ಲ.