ಬೇಟೆ ಭೂಮಿಯ ಕಿಮ್ಮತ್ತು

ಮೈಸೂರು ಸೀಮೆಯ ಚರಿತ್ರೆಯನ್ನು ಓದಿದವರಿಗೆ ಕಾಲಿನ್ ಮೆಕೆಂಜಿಯ ಹೆಸರು ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನರ ರಾಜ್ಯವನ್ನು ಅಳೆಯಲು ಕಂಪನಿ ನೇಮಿಸಿದ ಸರ್ವೇಯರು ಆತ. ನೆಲ ಅಳೆಯುತ್ತಲೇ ಊರೂರಿನ ಕೈಫಿಯತ್ತು, ಶಾಸನ, ವಂಶಾವಳಿಗಳನ್ನು ಕೂಡಿಹಾಕಿದ. ನಮ್ಮ ಸಂಶೋಧಕರು ಇಂದಿಗೂ ಆ ಕಟ್ಟುಗಳನ್ನು ಬಿಚ್ಚಿ ನೋಡುತ್ತಾರೆ. ಆದರೆ ನಮ್ಮ ನೆಲವನ್ನು ಅಳೆದ ಈ ಮನುಷ್ಯನ ಸ್ವಂತ ಊರು ಯಾವುದು, ಅಲ್ಲಿನ ನೆಲವನ್ನು ಯಾರು ಅಳೆದರು, ಯಾರು ಮಾರಿದರು ಎಂದು ನಾವು ಕೇಳುವುದು ಕಡಿಮೆ.

ಆತ ಹುಟ್ಟಿದ್ದು ಸ್ಕಾಟ್ಲೆಂಡಿನ ವಾಯುವ್ಯ ಕಡಲಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರಿನಲ್ಲಿ. ಗೇಲಿಕ್ ಮಾತಾಡುವ ಜನ. ಜವುಗು ನೆಲ, ಗಾಳಿ, ಮೀನು, ಆಲೂಗಡ್ಡೆ, ಒಂದಿಷ್ಟು ದನಕುರಿ. ದ್ವೀಪ ಪೂರ್ತಿ ಮೆಕೆಂಜಿ ಕುಲದ ಸೀಫೋರ್ತ್ ಒಡೆಯರದು. ಕಾಲಿನ್ 1821ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಸಾಲದಲ್ಲಿ ಮುಳುಗಿದ್ದ ಒಡೆಯರ ಮನೆತನ 1844ರಲ್ಲಿ ಇಡೀ ದ್ವೀಪವನ್ನು ಮಾರಿತು. ಬೆಲೆ 1,90,000 ಪೌಂಡು. ಭೂಮಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿ. ಅಂದರೆ ಎಕರೆಗೆ ಅರ್ಧ ಪೌಂಡೂ ಬೀಳಲಿಲ್ಲ. ಅದರ ಮೇಲೆ ಬದುಕಿದ್ದ ಸುಮಾರು 17 ಸಾವಿರ ಜನರನ್ನು ಕ್ರಯಪತ್ರದಲ್ಲಿ ಯಾವ ಬಾಬಿನಲ್ಲಿ ಬರೆದಿರಬಹುದು ಎಂಬುದು ಕತೆಗಾರರಾದ ನಮ್ಮ ತಲೆಯಲ್ಲಿ ಸುಳಿಯುವ ಪ್ರಶ್ನೆ.

ಕೊಂಡವನು ಜೇಮ್ಸ್ ಮ್ಯಾಥೆಸನ್. ಜಾರ್ಡೈನ್ ಮ್ಯಾಥೆಸನ್ ಕಂಪನಿಯ ಪಾಲುದಾರ. ನಮ್ಮ ಮಾಳ್ವದ ಅಫೀಮು ಬೊಂಬಾಯಿಯಿಂದ ಹಡಗೇರಿ ಚೀನಾದ ಕರಾವಳಿಗೆ ಹೋಗುತ್ತಿತ್ತಲ್ಲ, ಆ ವ್ಯಾಪಾರದ ದೊಡ್ಡ ಕುಳ. ಮಾಳ್ವದ ರೈತನ ಗಸಗಸೆ ಹೊಲ, ಕ್ಯಾಂಟನ್ನಿನ ನಶೆಕೋರನ ಚಿಲುಮೆ, ಲೂಯಿಸಿನ ಜವುಗು, ಮೂರೂ ಒಂದೇ ಲೆಕ್ಕದ ಪುಸ್ತಕದಲ್ಲಿ ಕೂಡಿಬಂದವು. ಆತ ಕೆಟ್ಟ ಧಣಿಯೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸರಿಯಲ್ಲ. 1846ರಿಂದ ಆಲೂಗಡ್ಡೆ ಕೊಳೆತು ಕ್ಷಾಮ ಬಂದಾಗ ಹಿಟ್ಟು ಹಂಚಿದ, ರಸ್ತೆ ಹಾಕಿಸಿದ. ಅದೇ ಕೈಯಿಂದಲೇ 1851ರ ನಂತರ ಸಾವಿರಕ್ಕೂ ಮಿಕ್ಕಿ ಜನರನ್ನು ಹಡಗು ಹತ್ತಿಸಿ ಕೆನಡಾಕ್ಕೆ ಸಾಗಿಸಿದ.

ಆ ಕಾಲಕ್ಕೆ ಸ್ಕಾಟ್ಲೆಂಡಿನ ಗುಡ್ಡಗಾಡು ಎರಡು ಬಾರಿ ಬೆಲೆ ಬದಲಿಸಿತು. ಮೊದಲು ಕುರಿ. ಒಕ್ಕಲುಗಳನ್ನು ಎಬ್ಬಿಸಿ ದೊಡ್ಡ ಕುರಿಹಟ್ಟಿಗಳಿಗೆ ಗೇಣಿ ಕೊಟ್ಟರು. ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಉಣ್ಣೆ ಬಂದು ದರ ಕುಸಿಯಿತು. ಆಗ ಒಡೆಯರ ಕಣ್ಣು ಜಿಂಕೆಯ ಮೇಲೆ ಬಿತ್ತು. ರಾಣಿ ವಿಕ್ಟೋರಿಯಾಳ ಗಂಡ 1852ರಲ್ಲಿ ಬಾಲ್ಮೋರಲ್ ಎಸ್ಟೇಟನ್ನು ಕೊಂಡದ್ದೇ ನೆಪವಾಗಿ ಜಿಂಕೆ ಬೇಟೆ ದೊಡ್ಡಮನುಷ್ಯರ ಲಕ್ಷಣವಾಯಿತು, ರೈಲೂ ಬಂತು. 1883ರಲ್ಲಿ ಸುಮಾರು 20 ಲಕ್ಷ ಎಕರೆಯಿದ್ದ ಜಿಂಕೆ ಅರಣ್ಯ 1912ರ ಹೊತ್ತಿಗೆ 35 ಲಕ್ಷ ಎಕರೆ ದಾಟಿತ್ತು. ಅರಣ್ಯ ಎಂಬುದು ಹೆಸರಿಗೆ ಮಾತ್ರ. ಅಲ್ಲಿ ಹುಡುಕಿದರೂ ಮರ ಸಿಗುವುದು ಕಷ್ಟ.

ಇಂಥ ಭೂಮಿಗೆ ನ್ಯಾಯವಾದ ಬೆಲೆ ಕಟ್ಟುವುದು ಹೇಗೆ? ಹೊಲವಾದರೆ ಪೈರು ನೋಡಿ ಹೇಳಬಹುದು, ತೋಟವಾದರೆ ಮರ ಎಣಿಸಬಹುದು. ಇಲ್ಲಿ ಎಕರೆ ಲೆಕ್ಕ ನಡೆಯುವುದೇ ಇಲ್ಲ. ಕೆಲವು ವರ್ಷಗಳಲ್ಲಿ ಸರಾಸರಿ ಎಷ್ಟು ಕೋಡಿನ ಗಂಡುಜಿಂಕೆ ಹೊಡೆದರು, ಎಷ್ಟು ಜೋಡಿ ಗ್ರೌಸ್ ಹಕ್ಕಿ, ಹೊಳೆಯಲ್ಲಿ ಎಷ್ಟು ಸಾಲ್ಮನ್ ಮೀನು, ಇವುಗಳನ್ನು ತಲೆಗಿಷ್ಟು ಎಂದು ಗುಣಿಸುತ್ತಾರೆ. ಬೇಟೆ ಬಂಗಲೆ ಚೆನ್ನಾಗಿದ್ದರೆ, ರೈಲು ಹತ್ತಿರವಿದ್ದರೆ ಇನ್ನಷ್ಟು ಸೇರುತ್ತದೆ. ಕೊನೆಗೆ ತೂಕಕ್ಕೆ ಸಿಗದ ಒಂದು ಸರಕು ಉಳಿಯುತ್ತದೆ, ಏಕಾಂತ. ಮೈಲಿಗಟ್ಟಲೆ ಹೊಗೆ ಕಾಣಬಾರದು, ನಾಯಿ ಬೊಗಳಬಾರದು. ಒಂದು ಗುಡಿಸಲಿದ್ದರೆ ಜಿಂಕೆ ಬೆದರುತ್ತದೆ, ಬೆಲೆ ಇಳಿಯುತ್ತದೆ. ಜನರನ್ನು ತೆಗೆದಷ್ಟೂ ಕಿಮ್ಮತ್ತು ಏರುವ ಜಮೀನು ಇದು.

ಕಿಂಟೇಲ್ ಎಂಬಲ್ಲಿ ವಿಲಿಯಂ ವಿನನ್ಸ್ ಎಂಬ ಅಮೆರಿಕದ ರೈಲ್ವೆ ಶ್ರೀಮಂತ ಎರಡು ಲಕ್ಷ ಎಕರೆಯಷ್ಟು ಬೇಟೆ ನೆಲವನ್ನು ಗೇಣಿಗೆ ಹಿಡಿದಿದ್ದ. ಮರ್ಡೋ ಮೆಕ್ರೇ ಎಂಬ ಬಡವನ ಸಾಕಿದ ಕುರಿಮರಿಯೊಂದು ಆ ನೆಲದಲ್ಲಿ ಮೇಯಿತೆಂದು ಆತ ಕೋರ್ಟಿಗೆ ಹೋದ. 1885ರಲ್ಲಿ ಎಡಿನ್‌ಬರೋದ ಸೆಷನ್ ನ್ಯಾಯಾಲಯ ಆತನಿಗೆ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಒಂದು ಕುರಿಮರಿ!

ಬೇಟೆಗಾಗಿ ಊರು ಖಾಲಿ ಮಾಡಿಸುವುದು ಪೂರ್ವದೇಶದ ನವಾಬರ ಹುಚ್ಚು ಎಂದು ನಾವು ಶಾಲೆಯಲ್ಲಿ ಓದಿದ್ದೆವು. ಆ ಮಾತಿನ ಮೂಲ ಹುಡುಕಿದರೆ ಸಿಗುವವರಲ್ಲಿ ಒಬ್ಬ ಸ್ಕಾಟ್‌ಲೆಂಡಿನವನೇ. ಮಾಂಟ್ರೋಸ್ ಊರಿನ ವೈದ್ಯ ಜೇಮ್ಸ್ ಬರ್ನ್ಸ್ 1827-28ರಲ್ಲಿ ಸಿಂಧಿನ ಹೈದರಾಬಾದಿಗೆ ಹೋಗಿ ತಾಲ್ಪುರ್ ಮೀರರ ಆಸ್ಥಾನದಲ್ಲಿದ್ದ. ಹಿಂದೆ ಮೀರ್ ಫತೇಅಲಿ ಖಾನ್ ವರ್ಷಕ್ಕೆ ಎರಡು ಮೂರು ಲಕ್ಷ ರೂಪಾಯಿ ಹುಟ್ಟುತ್ತಿದ್ದ ಫಲವತ್ತಾದ ನೆಲವನ್ನು ಶಿಕಾರ್‌ಗಾಹ್ ಮಾಡಲು ಖಾಲಿ ಮಾಡಿಸಿದ್ದನ್ನೂ, ಕೋಳಿ ಕೂಗಿ ಬೇಟೆ ಕೆಡುತ್ತದೆಂದು ಒಂದು ಹಳೆಯ ಹಳ್ಳಿಯನ್ನೇ ಎಬ್ಬಿಸಿದ್ದನ್ನೂ ಆತ ಬರೆದ. ಮೀರರು ಮುಸ್ಲಿಮರೆಂಬ ಕಾರಣಕ್ಕೆ ನಾವು ಅವರ ವಕಾಲತ್ತು ಹಿಡಿಯಬೇಕಾಗಿಲ್ಲ. ಎಬ್ಬಿಸಿದ ಹಳ್ಳಿಯ ಒಲೆಗಳು ಆರಿದ್ದು ನಿಜ. ಆದರೆ ಆತ ಇದನ್ನು ಬರೆಯುತ್ತಿದ್ದ ದಿನಗಳಲ್ಲೇ ಆತನ ದೇಶದ ಲೂಯಿಸಿನಲ್ಲಿ ಕುರಿಗಾಗಿ ಊರುಗಳನ್ನು ಎಬ್ಬಿಸುತ್ತಿದ್ದರು.

ಎರಡು ಲೆಕ್ಕಗಳಿಗೂ ಒಂದು ವ್ಯತ್ಯಾಸವಿದೆ. ಮೀರನ ಬೇಟೆಗೆ ಅವನ ಖಜಾನೆಯೇ ದಂಡ ತೆರುತ್ತಿತ್ತು. ಹೋದ ಕಂದಾಯವೇ ಆ ನೆಲದ ಬೆಲೆ. ಸ್ಕಾಟ್ ಒಡೆಯನಿಗೆ ಬೇಟೆಯೇ ಆದಾಯ. ಇನ್ನು ಸಿಂಧಿನ ಶಿಕಾರ್‌ಗಾಹ್‌ಗಳಿಗೆ ಆಂಗ್ಲರು ಕೊಟ್ಟ ಬೆಲೆ? 1842ರ ಕರಾರಿನಲ್ಲಿ ಸಿಂಧೂ ನದಿಯ ಎರಡೂ ದಡಗಳಲ್ಲಿ ನೂರು ಗಜದವರೆಗೆ ಉಗಿಹಡಗಿನ ಸೌದೆಗೆ ಮರ ಕಡಿಯುವ ಹಕ್ಕು ಕೇಳಿದರು. ಮರುವರ್ಷ ರಾಜ್ಯವನ್ನೇ ಹಿಡಿದರು. ಶಿಕಾರ್‌ಗಾಹ್‌ಗಳು ಸರ್ಕಾರಿ ಅರಣ್ಯವಾದವು.

ಮತ್ತೆ ಲೂಯಿಸಿಗೆ ಬರೋಣ. ದ್ವೀಪದ ಆಗ್ನೇಯದ ತುಂಡಿಗೆ ಪಾರ್ಕ್ ಎಂದು ಹೆಸರು, ಗೇಲಿಕ್‌ನಲ್ಲಿ ಪಾಯರ್ಕ್. ಅಲ್ಲಿದ್ದ ಹಳ್ಳಿಗಳನ್ನು 1843ರೊಳಗೆ ತೆರವು ಮಾಡಿ ಕುರಿಹಟ್ಟಿ ಮಾಡಿದ್ದರು. ಅದರ ಅಂಚಿನ ಲಾಕ್ಸ್ ಊರುಗಳಲ್ಲಿ ಜನ ಒತ್ತೊತ್ತಾಗಿ ಸೇರಿ, ಗೇಣು ನೆಲವಿಲ್ಲದ ಸಂಸಾರಗಳು ಹೆಚ್ಚಿದವು. ಕುರಿಯವನ ಗೇಣಿ ಮುಗಿಯುವ ಹೊತ್ತಿಗೆ ನಮಗೆ ಕೊಡಿ, ಬಾಡಿಗೆ ಕೊಡುತ್ತೇವೆ ಎಂದು ಅವರು ಅರ್ಜಿ ಹಾಕಿದರು. ಮ್ಯಾಥೆಸನ್ನನ ವಿಧವೆ ಒಪ್ಪಲಿಲ್ಲ. 1886ರಲ್ಲಿ ಅದು ಜಿಂಕೆ ಅರಣ್ಯವಾಗಿ ಇಂಗ್ಲೆಂಡಿನ ಸಿರಿವಂತ ದಂಪತಿಗಳಾದ ಪ್ಲಾಟ್‌ರಿಗೆ ಗೇಣಿಗೆ ಹೋಯಿತು. ಅದೇ 1886ರಲ್ಲಿ ಪಾರ್ಲಿಮೆಂಟು ಕ್ರಾಫ್ಟರ್ ಒಕ್ಕಲುಗಳಿಗೆ ಕಾಯಿದೆ ತಂದು, ನ್ಯಾಯವಾದ ಗೇಣಿಯನ್ನು ಆಯೋಗವೊಂದು ಗೊತ್ತುಮಾಡಬೇಕೆಂದಿತು. ದೊಡ್ಡ ಕಾನೂನೇ ಸರಿ. ನೆಲವಿದ್ದವನ ಗೇಣಿ ಇಳಿಯಿತು, ಬಾಕಿ ಮಾಫಿಯಾಯಿತು. ನೆಲವೇ ಇಲ್ಲದವನಿಗೆ ಯಾವ ಗೇಣಿ ಇಳಿಸುವುದು?

1887ರ ನವೆಂಬರಿನಲ್ಲಿ ಬಲಾಲನ್ ಊರಿನ ಶಾಲಾ ಮೇಷ್ಟರು ಡೊನಾಲ್ಡ್ ಮೆಕ್ರೇಯ ಮುಂದಾಳ್ತನದಲ್ಲಿ ನೂರಾರು ಗಂಡಸರು ಬಂದೂಕು ಹಿಡಿದು ಪಾರ್ಕಿಗೆ ನುಗ್ಗಿದರು. ಜಿಂಕೆ ಹೊಡೆದರು, ಬಯಲಲ್ಲೇ ಬೇಯಿಸಿ ತಿಂದರು, ಹಸಿದ ಮನೆಗಳಿಗೆ ಹೊತ್ತೊಯ್ದರು. ದಾರಿಯಲ್ಲಿ ಪ್ಲಾಟ್ ದೊರೆಸಾನಿ ಎದುರಾಗಿ ತಡೆಯಹೋದಾಗ, ತಮಗೆ ಇಂಗ್ಲಿಷ್ ಬಾರದೆಂದು ನಯವಾಗಿ ಹೇಳಿ ಮುಂದೆ ನಡೆದರೆಂದು ಜನ ಇಂದಿಗೂ ನೆನೆಯುತ್ತಾರೆ. ಸೈನ್ಯ ಬಂತು. 1888ರ ಜನವರಿಯಲ್ಲಿ ಎಡಿನ್‌ಬರೋದಲ್ಲಿ ವಿಚಾರಣೆ ನಡೆದು ಆರೋಪಿಗಳು ಬಿಡುಗಡೆಯಾದರು. ನೆಲ ಮಾತ್ರ ಸಿಗಲಿಲ್ಲ. 1892ರಲ್ಲಿ ಸರ್ಕಾರ ಜಿಂಕೆ ಅರಣ್ಯಗಳ ಮೇಲೆ ಆಯೋಗ ಕೂರಿಸಿತು. ಸುಮಾರು 17.8 ಲಕ್ಷ ಎಕರೆ ಸಾಗುವಳಿಗೂ ಮೇವಿಗೂ ತಕ್ಕದ್ದೆಂದು ಅದು 1895ರಲ್ಲಿ ಪಟ್ಟಿ ಕೊಟ್ಟಿತು. ಆಯೋಗಗಳ ವರದಿ ಏನಾಗುತ್ತದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ತಿರುಗಿದ್ದು ನೂರು ವರ್ಷಗಳ ಮೇಲೆ, ಲೂಯಿಸಿನ ಎದುರು ದಡದ ಅಸಿಂಟ್ ಎಂಬಲ್ಲಿ. 1989ರಲ್ಲಿ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಕೊಟ್ಟು ಕೊಂಡ ಕಂಪನಿ ದಿವಾಳಿಯೆದ್ದು, 21 ಸಾವಿರ ಎಕರೆಯನ್ನು ಏಳು ತುಂಡು ಮಾಡಿ ಮಾರಾಟಕ್ಕಿಟ್ಟರು. ಅಲ್ಲಿನ ಒಕ್ಕಲುಗಳು ತಾವೇ ಕೊಳ್ಳಲು ಮುಂದಾದರು. ಅವರ ಕೈಯಲ್ಲಿದ್ದ ಅಸ್ತ್ರ 1976ರ ಕಾಯಿದೆ: ಪ್ರತಿ ಒಕ್ಕಲೂ ತನ್ನ ಹಿಡುವಳಿಯನ್ನು ವಾರ್ಷಿಕ ಗೇಣಿಯ ಹದಿನೈದು ಪಟ್ಟಿಗೆ ಕೊಳ್ಳಬಹುದು. ಹೊರಗಿನವನು ಕೊಂಡರೆ ನಾವು ಒಬ್ಬೊಬ್ಬರೂ ಈ ಹಕ್ಕು ಚಲಾಯಿಸುತ್ತೇವೆ ಎಂದು ಬಹಿರಂಗವಾಗಿ ಸಾರಿದರು. ಏಕಾಂತ ಕೊಳ್ಳಲು ಬಂದವರು ಹಿಂದೆ ಸರಿದರು. 1993ರಲ್ಲಿ 3 ಲಕ್ಷ ಪೌಂಡಿಗೆ ಭೂಮಿ ಒಕ್ಕಲುಗಳದಾಯಿತು. ಜನರಿರುವುದೇ ಬೆಲೆ ಇಳಿಸುವ ದೋಷ ಎಂದ ಹಳೆಯ ತಕ್ಕಡಿಯನ್ನೇ ಅವರು ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು.

2003ರಲ್ಲಿ ಸ್ಕಾಟ್ಲೆಂಡಿನ ಹೊಸ ಪಾರ್ಲಿಮೆಂಟು ಭೂಸುಧಾರಣೆ ಕಾಯಿದೆ ಮಾಡಿ, ಒಡೆಯ ಒಪ್ಪದಿದ್ದರೂ ಕ್ರಾಫ್ಟರ್ ಸಮುದಾಯ ನೆಲ ಕೊಳ್ಳಬಹುದೆಂದಿತು. ಬೆಲೆ ಕಟ್ಟುವವನು ಮಂತ್ರಿಗಳು ನೇಮಿಸಿದ ಸ್ವತಂತ್ರ ಮೌಲ್ಯಮಾಪಕ. ತಕರಾರಿದ್ದರೆ ಭೂ ನ್ಯಾಯಾಲಯ. ಕಟ್ಟಬೇಕಾದದ್ದು ಮಾರುಕಟ್ಟೆ ಬೆಲೆ. ಅಜ್ಜನನ್ನು ಎಬ್ಬಿಸಿ ಏರಿಸಿದ ಬೆಲೆಯನ್ನು ಮೊಮ್ಮಗ ತೆರಬೇಕೇ ಎಂಬ ಪ್ರಶ್ನೆಯನ್ನು ಕಾಯಿದೆ ಕೇಳುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಅದು ಅದರ ದೊಡ್ಡ ಕೊರತೆ.

ಪಾರ್ಕಿನ ಒಕ್ಕಲುಗಳು ಈ ಕಾಯಿದೆ ಹಿಡಿದು ಹತ್ತು ವರ್ಷಕ್ಕೂ ಮೇಲೆ ಹೋರಾಡಿದರು. ಅಷ್ಟರಲ್ಲಿ ಜಿಂಕೆಯ ಜಾಗಕ್ಕೆ ಗಾಳಿ ಬಂದಿತ್ತು; ಗಾಳಿಯಂತ್ರಗಳಿಂದ ಬರಬಹುದಾದ ಹಣಕ್ಕಾಗಿ ಒಡೆಯ ಮೊದಲೇ ಒಳಗೇಣಿ ಪತ್ರ ಮಾಡಿಟ್ಟಿದ್ದ. 2012ರಲ್ಲಿ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿಯಿತು. 2015ರ ಡಿಸೆಂಬರಿನಲ್ಲಿ, ಕೊನೆಗೆ ಮಾತುಕತೆಯಲ್ಲೇ, 5 ಲಕ್ಷ ಪೌಂಡಿಗೆ ನೆಲ ಜನರ ಟ್ರಸ್ಟಿನ ಹೆಸರಿಗೆ ಬಂತು. ಒಕ್ಕಲು ಊರುಗಳು ಮತ್ತು ಅವುಗಳ ಗೋಮಾಳ ಅದರಲ್ಲಿದ್ದವು. 1887ರಲ್ಲಿ ಅವರ ಹಿರಿಯರು ಬಂದೂಕು ಹಿಡಿದು ನುಗ್ಗಿದ್ದ ಜಿಂಕೆ ನೆಲ, ಈಗ ಐಷ್ಕೆನ್ ಎಸ್ಟೇಟ್ ಎನ್ನುವುದು, ಆ ಖರೀದಿಯಲ್ಲಿ ಸೇರಿರಲಿಲ್ಲ.