ಮೈಸೂರಿನ ಆನೆ, ಸಂಡೂರಿನ ಅದಿರು

ಮಣಿಕೊಂಡದಲ್ಲಿ ನೆಲೆಸಿರುವ ನಾವು ಕನ್ನಡಿಗರು ಹೈದರಾಬಾದಿನ ಪೇಟೆಯ ಕಡೆ ಹೊರಟರೆ, ಮೆಹದಿಪಟ್ಟಣ ದಾಟಿದ ಮೇಲೆ ಮಾಸಬ್ ಟ್ಯಾಂಕಿನಲ್ಲಿ ಖನಿಜ ಭವನ ಸಿಗುತ್ತದೆ. ಅದು ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಕೇಂದ್ರ ಕಚೇರಿ. ನಮ್ಮ ಸಂಡೂರು ಸೀಮೆಯ ದೋಣಿಮಲೈ ಗಣಿ ಈ ನಿಗಮದ್ದೇ. ಆದರೆ ಇದರ ಹುಟ್ಟಿಗೂ ಜಪಾನಿಗೂ ಇರುವ ನಂಟನ್ನು ಬಲ್ಲವರು ವಿರಳ.

ಆ ನಂಟಿಗೆ ಮುನ್ನುಡಿ ಬರೆದದ್ದು ಒಂದು ಆನೆ. ಯುದ್ಧಕಾಲದಲ್ಲಿ ಟೋಕಿಯೋದ ಉಯೆನೋ ಮೃಗಾಲಯದ ಆನೆಗಳನ್ನು ಕೊಂದುಬಿಟ್ಟಿದ್ದರು. ಆನೆ ಬೇಕೆಂದು ಅಲ್ಲಿನ ಮಕ್ಕಳು ಬರೆದ ಓಲೆಗಳಿಗೆ ಮನಸೋತ ನೆಹರೂ ಅವರು 1949ರಲ್ಲಿ ಮೈಸೂರಿನ ಹೆಣ್ಣಾನೆಯೊಂದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟು ಕಳುಹಿಸಿದರು. ಇಂದಿರಾಗೆ ತಿಳಿಯುತ್ತಿದ್ದುದು ಕನ್ನಡ. ಜಪಾನಿನ ಪಾಲಕರು ನಮ್ಮ ಮಾವುತರಿಂದ ಕನ್ನಡದ ಅಪ್ಪಣೆಗಳನ್ನು ಕಲಿಯಬೇಕಾಯಿತು. ಟೋಕಿಯೋದಲ್ಲಿ ನಡೆದ ಮೊದಲ ಕನ್ನಡ ತರಗತಿ ಇದೇ ಇದ್ದೀತು!

ಸ್ನೇಹದ ಹಿಂದೆ ರಾಜಕಾರಣವೂ ಇತ್ತು. 1951ರ ಸ್ಯಾನ್ ಫ್ರಾನ್ಸಿಸ್ಕೋ ಸಮ್ಮೇಳನಕ್ಕೆ ಭಾರತ ಹೋಗಲಿಲ್ಲ. ಜಪಾನಿನ ನೆಲದಲ್ಲಿ ಅಮೆರಿಕದ ಸೇನೆ ಉಳಿಯುವುದು ನಮಗೆ ಒಪ್ಪಿಗೆಯಿರಲಿಲ್ಲ. 1952ರ ಜೂನ್ 9ರಂದು ಪ್ರತ್ಯೇಕ ಶಾಂತಿ ಒಪ್ಪಂದ ಮಾಡಿಕೊಂಡು, ಯುದ್ಧಪರಿಹಾರವನ್ನೂ ಬಿಟ್ಟುಕೊಟ್ಟೆವು. ಅಮೆರಿಕದ ನೆರಳಿನಲ್ಲಿದ್ದ ಜಪಾನಿಗೆ ಚೀನಾದ ಅದಿರಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಉಕ್ಕಿನ ಕುಲುಮೆಗಳು ಮಾತ್ರ ಹಸಿದಿದ್ದವು. 1957ರಲ್ಲಿ ಪ್ರಧಾನಿ ಕಿಶಿ ದೆಹಲಿಗೆ ಬಂದರು, ನೆಹರೂ ಟೋಕಿಯೋಗೆ ಹೋದರು. 1958ರಲ್ಲಿ ಜಪಾನ್ ತನ್ನ ಮೊಟ್ಟಮೊದಲ ಯೆನ್ ಸಾಲವನ್ನು, 1,800 ಕೋಟಿ ಯೆನ್ನುಗಳನ್ನು, ನೀಡಿದ್ದು ಭಾರತಕ್ಕೆ. ಅದೇ ವರ್ಷ ಅದಿರಿನ ಒಪ್ಪಂದವಾಯಿತು, ನವೆಂಬರಿನಲ್ಲಿ ನಿಗಮವೂ ಹುಟ್ಟಿತು. ಮೊದಲು ಕಿರಿಬೂರು, 1968ರಲ್ಲಿ ಬೈಲಾಡಿಲ, 1977ರಲ್ಲಿ ದೋಣಿಮಲೈ. ನಮ್ಮ ಬಳ್ಳಾರಿಯ ಕೆಂಪು ಮಣ್ಣು ಮದರಾಸಿನ ಬಂದರಿನಿಂದ ಹಡಗೇರಿತು.

ಇದನ್ನು ಔದಾರ್ಯವೆಂದು ಬಗೆಯುವವರ ಮಾತು ನಮಗೆ ಒಪ್ಪಿತವಲ್ಲ. ಸಾಲ ಕೊಟ್ಟು ಯಂತ್ರ ಮಾರುವುದು, ಗಣಿ ತೋಡಿಸಿ ಅದಿರು ಕೊಳ್ಳುವುದು ಪಕ್ಕಾ ವ್ಯಾಪಾರ. ಆದರೂ ಕಪಟವಿಲ್ಲದ ವ್ಯಾಪಾರ. ಉಕ್ಕು ಮಾಡಿ ಲಾಭ ಗಳಿಸಿದವರು ಅವರು, ಮಣ್ಣು ಮಾರಿದವರು ನಾವು. ಅದಕ್ಕೆ ಅವರನ್ನೇಕೆ ದೂರಬೇಕು?

1998ರ ಪೋಖ್ರಾನ್ ಪರೀಕ್ಷೆಯ ಮೇಲೆ ಜಪಾನ್ ಹೊಸ ಸಾಲಗಳನ್ನು ನಿಲ್ಲಿಸಿ ಮುನಿಸಿಕೊಂಡಿತು. ಆ ಮುನಿಸಿನ ನಡುವೆಯೇ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಎದ್ದಿತು! 2000ದ ಆಗಸ್ಟಿನಲ್ಲಿ ಪ್ರಧಾನಿ ಮೋರಿ ಬೆಂಗಳೂರಿಗೂ ಬಂದರು. 2001ರಲ್ಲಿ ನಿರ್ಬಂಧ ತೆರವಾಯಿತು. ಅಷ್ಟರಲ್ಲಿ ಚೀನಾದ ಕುಲುಮೆಗಳು ಬೆಳೆದು, ಬಳ್ಳಾರಿಯ ಅದಿರು ಆ ಕಡೆಗೆ ಹರಿಯತೊಡಗಿತು. ಜಪಾನಿನ ಸಾಲ ಈಗ ಬೆಂಗಳೂರಿನ ಮೆಟ್ರೋದಲ್ಲಿದೆ, ನಮ್ಮ ಹೈದರಾಬಾದಿನ ಹೊರವರ್ತುಲ ರಸ್ತೆಯ ಒಂದು ಭಾಗದಲ್ಲೂ ಇದೆ. ಕನ್ನಡ ಬಲ್ಲ ಇಂದಿರಾ 1983ರಲ್ಲಿ ಉಯೆನೋದಲ್ಲೇ ತೀರಿಕೊಂಡಳು.